ಕೈ ಜೋಮಿನ ನೂರೆಪ್ಪತ್ತು ವರ್ಷ: ಗಾಯ ಚಿಕ್ಕದಾಯಿತು, ಕಾಯುವುದು ಚಿಕ್ಕದಾಗಲಿಲ್ಲ

ಕನಕಪುರ, ಹಾರೋಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಬನಶಂಕರಿ ಎಂದರೆ ಬೆಂಗಳೂರಿನ ಬಾಗಿಲು. ಇಲ್ಲಿನ ಬನಶಂಕರಿ ಅಮ್ಮನ ಗುಡಿ 1915ರದ್ದು. ರಾಹುಕಾಲದಲ್ಲಿ ನಿಂಬೆಹಣ್ಣಿನ ಸಿಪ್ಪೆ ತಿರುಗಿಸಿ ದೀಪ ಹಚ್ಚಲು ಹೆಂಗಸರು ಸಾಲುಗಟ್ಟಿ ನಿಲ್ಲುತ್ತಾರೆ. 2017ರ ಜೂನ್‌ನಲ್ಲಿ ಮೆಟ್ರೊ ಬಂದ ಮೇಲಂತೂ ಜನ ಇನ್ನೂ ಹೆಚ್ಚಾಗಿದ್ದಾರೆ.

ಗುಡಿ ಬಿಟ್ಟರೆ ಈ ಕಡೆಗೆ ಹಳ್ಳಿಯವರು ಬರುವುದು ಹೆಚ್ಚಾಗಿ ಆಸ್ಪತ್ರೆಗೆ. ಬನಶಂಕರಿಯಿಂದ ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟ್‌ವರೆಗೆ ರಸ್ತೆಯ ಎರಡೂ ಬದಿ ಆಸ್ಪತ್ರೆ, ಕ್ಲಿನಿಕ್‌ಗಳ ಬೋರ್ಡುಗಳು. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು 'ಕೀಹೋಲ್ ಸರ್ಜರಿ', ಅಂದರೆ ಸಣ್ಣ ತೂತಿನ ಆಪರೇಷನ್. ಪಿತ್ತಕೋಶಕ್ಕೆ, ಮಂಡಿಗೆ ಇದು ಗೊತ್ತಿದ್ದದ್ದೇ. ಈಗ ಕೈಯ ಮಣಿಕಟ್ಟಿಗೂ ಬಂದಿದೆ. ಆ ಕಾಯಿಲೆಯ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್.

ಹೆಸರು ಇಂಗ್ಲಿಷಿನದು, ಆದರೆ ನೋವು ನಮ್ಮೂರಿನದೇ. "ರಾತ್ರಿ ಹೊತ್ತು ಕೈ ಜೋಮು ಹಿಡ್ಕೊಂಡು ಎಚ್ಚರಾಯ್ತದೆ ಕಣವ್ವಾ, ಒಸಿ ಒದರಿದ್ರೆ ಸರಿಯೋಯ್ತದೆ" ಎಂಬ ಮಾತನ್ನು ನಾವೆಲ್ಲ ಮನೆಯಲ್ಲಿ, ಜಗಲಿಯಲ್ಲಿ ಕೇಳಿಯೇ ಬೆಳೆದವರು. ಕೆಲವರು ಅದನ್ನು ವಾಯು ಎಂದರು, ಕೆಲವರು ನರ ದೌರ್ಬಲ್ಯ ಎಂದರು, ಇನ್ನು ಕೆಲವರು ಬಳೆ ಬಿಗಿಯಾಯಿತು ಎಂದರು. ಇದಕ್ಕೆ ಒಂದು ದೊಡ್ಡ ಚರಿತ್ರೆ ಇದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಆ ಚರಿತ್ರೆಯನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇವೆ.

ಮಣಿಕಟ್ಟಿನೊಳಗಿನ ಸುರಂಗ

ಮೊದಲು ಒಳಗೇನಿದೆ ಎಂದು ನೋಡೋಣ. ನಿಮ್ಮ ಅಂಗೈ ಮೇಲ್ಮುಖವಾಗಿ ಹಿಡಿಯಿರಿ. ಮಣಿಕಟ್ಟಿನ ಗೆರೆ ದಾಟಿ ಅಂಗೈ ಶುರುವಾಗುವ ಜಾಗದಲ್ಲಿ, ಚರ್ಮದ ಕೆಳಗೆ ಒಂದು ಕಿರಿದಾದ ಸುರಂಗವಿದೆ. ಅದರ ನೆಲ ಮತ್ತು ಗೋಡೆ ಎಂಟು ಸಣ್ಣ ಮೂಳೆಗಳಿಂದ ಆದದ್ದು. ಮೇಲಿನ ಚಾವಣಿ ಒಂದು ಗಟ್ಟಿ ಪಟ್ಟಿ. ವೈದ್ಯರು ಅದನ್ನು ಅಸ್ಥಿರಜ್ಜು ಎನ್ನುತ್ತಾರೆ, ನಾವಿಲ್ಲಿ ಪಟ್ಟಿ ಎಂದೇ ಕರೆಯೋಣ.

ಈ ಸುರಂಗದೊಳಗೆ ಬೆರಳು ಮಡಚುವ ಒಂಬತ್ತು ಹುರಿಗಳು ಹೋಗುತ್ತವೆ. ಅವುಗಳ ಜೊತೆಗೆ ಒಂದೇ ಒಂದು ನರ, ಅದರ ಹೆಸರು ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗಕ್ಕೆ ಸ್ಪರ್ಶ ತಿಳಿಸುವುದು ಈ ನರ. ಹೆಬ್ಬೆರಳ ಬುಡದ ಉಬ್ಬಿದ ಮಾಂಸಖಂಡಕ್ಕೆ ಶಕ್ತಿ ಕೊಡುವುದೂ ಇದೇ.

ಒಳಗೆ ಊತ ಬಂದರೆ ಮೂಳೆಯೂ ಸರಿಯುವುದಿಲ್ಲ, ಪಟ್ಟಿಯೂ ಹಿಗ್ಗುವುದಿಲ್ಲ. ಸಂತೆ ದಿನದ ಬಸ್ಸಿನಲ್ಲಿ ಎಲ್ಲರಿಗಿಂತ ಮೆತ್ತನೆಯವರು ನಲುಗುವಂತೆ ನರ ನಲುಗುತ್ತದೆ. ಮಲಗಿದಾಗ ಮಣಿಕಟ್ಟು ಮಡಚಿಕೊಳ್ಳುವುದರಿಂದ ಒತ್ತಡ ಇನ್ನೂ ಹೆಚ್ಚುತ್ತದೆ. ಅದಕ್ಕೇ ರಾತ್ರಿಯಲ್ಲಿ ಎಚ್ಚರ. ಕಿರುಬೆರಳಿಗೆ ಬೇರೆ ನರ ಇರುವುದರಿಂದ ಅದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಹೆಂಗಸರ ಮಾತು ಕೇಳಿದ ಬೋಸ್ಟನ್ ಡಾಕ್ಟರು

ಮಣಿಕಟ್ಟು ಮುರಿದ ಮೇಲೆ ಈ ನರ ಒತ್ತಿಹೋಗುವುದನ್ನು ಮೊದಲು ಬರೆದಿಟ್ಟವರು ಇಂಗ್ಲೆಂಡಿನ ಸರ್ಜನ್ ಜೇಮ್ಸ್ ಪ್ಯಾಜೆಟ್. ಅದು 1854. ಆದರೆ ಏಟೇ ಬೀಳದೆ ಕೈ ಜೋಮು ಹಿಡಿಯುವವರ ಕಥೆ ಬೇರೆ.

1880ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಜೇಮ್ಸ್ ಪಟ್ನಮ್ ಎಂಬ ನರರೋಗ ವೈದ್ಯರು 37 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ರಾತ್ರಿ ಅಥವಾ ಬೆಳಗಿನ ಜಾವ ಕೈ ಮರಗಟ್ಟುತ್ತದೆ, ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಅಥವಾ ಒದರಿದರೆ ಕಡಿಮೆಯಾಗುತ್ತದೆ ಎಂದು ಅವರು ಹೇಳಿದ್ದನ್ನು ಪಟ್ನಮ್ ಹಾಗೆಯೇ ಬರೆದುಕೊಂಡರು. ನಮ್ಮ ಜಗಲಿಯ ಮಾತಿಗೂ ಬೋಸ್ಟನ್ನಿನ ಆ ಮಾತಿಗೂ ಏನಾದರೂ ವ್ಯತ್ಯಾಸವಿದೆಯೇ ನೋಡಿ!

ಪಟ್ನಮ್ ಲಕ್ಷಣವನ್ನು ಸರಿಯಾಗಿಯೇ ಹಿಡಿದರು, ಕಾರಣ ಮಾತ್ರ ಸಿಗಲಿಲ್ಲ. ಇದು ರಕ್ತನಾಳದ ತೊಂದರೆ ಇರಬಹುದು ಎಂದುಕೊಂಡರು. ಮುಂದೆ ಕೆಲವು ದಶಕ ವೈದ್ಯರ ಕಣ್ಣು ಕುತ್ತಿಗೆಯ ಕಡೆ ಹೋಯಿತು. ಕುತ್ತಿಗೆಯ ಬುಡದಲ್ಲಿ ಹೆಚ್ಚುವರಿ ಪಕ್ಕೆಲುಬು ಇದ್ದರೆ ನರ ಒತ್ತುತ್ತದೆ ಎಂದು ಅಲ್ಲಿ ಕೊಯ್ದವರೂ ಉಂಟು. ತೊಂದರೆ ಇದ್ದದ್ದು ಅಂಗೈ ಬುಡದಲ್ಲಿ, ಗಾಯ ಆದದ್ದು ಕುತ್ತಿಗೆಯಲ್ಲಿ.

ಸರಿಯಾದ ಜಾಗ ತೋರಿಸಿದವರು ಫ್ರಾನ್ಸಿನ ಪಿಯರ್ ಮರಿ ಮತ್ತು ಚಾರ್ಲ್ಸ್ ಫುವಾ. ಹೆಬ್ಬೆರಳ ಬುಡದ ಮಾಂಸ ಎರಡೂ ಕೈಯಲ್ಲಿ ಕರಗಿಹೋಗಿದ್ದ ಒಬ್ಬ ರೋಗಿ ತೀರಿಕೊಂಡ ಮೇಲೆ ಅವರು ಮಣಿಕಟ್ಟು ಬಿಚ್ಚಿ ನೋಡಿದರು. ಪಟ್ಟಿಯ ಮೇಲ್ಭಾಗದಲ್ಲಿ ನರ ಗಂಟಿನಂತೆ ಊದಿತ್ತು, ಪಟ್ಟಿಯ ಕೆಳಗೆ ಬಂದಾಗ ಸಣಕಲಾಗಿತ್ತು. 1913ರಲ್ಲಿ ಅವರು ಬರೆದದ್ದರ ಸಾರ ಇಷ್ಟು: ಬೇಗನೆ ಗುರುತಿಸಿ ಈ ಪಟ್ಟಿಯನ್ನು ಕತ್ತರಿಸಿದರೆ ಕೈ ಉಳಿಯಬಹುದು.

ಗಮನಿಸಿ, 'ಬೇಗನೆ' ಎಂಬ ಮಾತು 1913ರಲ್ಲೇ ಇತ್ತು.

ಕತ್ತರಿಸುವ ಧೈರ್ಯ

ಆ ಸಲಹೆ ಆಪರೇಷನ್ ಕೋಣೆಗೆ ಬರಲು ಮತ್ತೆ ವರ್ಷಗಳು ಹಿಡಿದವು. 1924ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹರ್ಬರ್ಟ್ ಗ್ಯಾಲೊವೇ ಇಂಥ ಆಪರೇಷನ್ ಮಾಡಿದರು. 1933ರಲ್ಲಿ ಜೇಮ್ಸ್ ಲಿಯರ್ಮಂತ್ ತಮ್ಮ ಆಪರೇಷನ್ನಿನ ವರದಿ ಪ್ರಕಟಿಸಿದರು.

ಏಟು ಬೀಳದೆಯೂ ಈ ಕಾಯಿಲೆ ಬರುತ್ತದೆ, ಪಟ್ಟಿ ಕತ್ತರಿಸಿದರೆ ಗುಣವಾಗುತ್ತದೆ ಎಂದು ವೈದ್ಯಲೋಕ ಗಟ್ಟಿಯಾಗಿ ಒಪ್ಪಿದ್ದು ನಮಗೆ ಸ್ವಾತಂತ್ರ್ಯ ಬಂದ ವರ್ಷ, 1947ರಲ್ಲಿ. ಲಂಡನ್ನಿನ ರಸೆಲ್ ಬ್ರೈನ್, ಡಿಕ್ಸನ್ ರೈಟ್ ಮತ್ತು ಮಾರ್ಸಿಯಾ ವಿಲ್ಕಿನ್ಸನ್ ಆರು ಹೆಂಗಸರ ವಿವರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಅಲ್ಲಿಂದ ಮುಂದೆ ಇದನ್ನು ಮನೆಮಾತಾಗಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಜಾರ್ಜ್ ಫೇಲನ್. ಎರಡೂ ಮಣಿಕಟ್ಟನ್ನು ಮಡಚಿ ಒಂದು ನಿಮಿಷ ಹಿಡಿಸಿ, ಬೆರಳು ಜೋಮು ಹಿಡಿಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು. 1966ರಲ್ಲಿ ಅವರು 17 ವರ್ಷಗಳಲ್ಲಿ ನೋಡಿದ 654 ಕೈಗಳ ಲೆಕ್ಕ ಕೊಟ್ಟರು. ಆಪರೇಷನ್ ಒಂದನ್ನೇ ನಂಬಿದವರಲ್ಲ ಅವರು, ಸ್ಟೀರಾಯ್ಡ್ ಸೂಜಿಯನ್ನೂ ಬಳಸುತ್ತಿದ್ದರು.

ಆದರೆ ಫೇಲನ್ ಇದನ್ನು ಕಸುಬಿನಿಂದ ಬರುವ ಕಾಯಿಲೆ ಎಂದು ಅಷ್ಟಾಗಿ ಒಪ್ಪಲಿಲ್ಲ. ಅವರ ಬಳಿ ಬರುತ್ತಿದ್ದವರಲ್ಲಿ ಹೆಚ್ಚಿನವರು ನಡುವಯಸ್ಸಿನ ಗೃಹಿಣಿಯರು. ಇಲ್ಲಿ ನಮ್ಮದೊಂದು ಪ್ರಶ್ನೆ ಇದೆ. ಒಗೆಯುವುದು, ಹಿಂಡುವುದು, ತಿಕ್ಕುವುದು, ರುಬ್ಬುವುದು ಕೆಲಸವಲ್ಲವೇ? ಮನೆಗೆಲಸಕ್ಕೆ ಸಂಬಳ ಇಲ್ಲದ್ದರಿಂದ ಅದನ್ನು ಕಸುಬು ಎಂದು ಯಾರೂ ಎಣಿಸಲಿಲ್ಲ. ಕೊನೆಗೆ 2010ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲಿ ಕಾರ್ಪಲ್ ಟನಲ್ ಸಿಂಡ್ರೋಮ್ ಹೆಸರನ್ನು ಸೇರಿಸಿತು. ಬಲ ಹಾಕಿ ಒಂದೇ ಕೆಲಸವನ್ನು ಬಹಳ ಹೊತ್ತು ಮಾಡುವುದು, ನಡುಗುವ ಯಂತ್ರ ಹಿಡಿಯುವುದು, ಮಣಿಕಟ್ಟನ್ನು ವಿಪರೀತ ಬಾಗಿಸಿ ದುಡಿಯುವುದು ಕಾರಣಗಳೆಂದು ಅದು ಹೇಳಿತು.

ಕೆಲಸವೊಂದೇ ಕಾರಣವಲ್ಲ ಎಂಬುದೂ ನಿಜ. ಬಸಿರು, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಕೀಲುವಾತ, ಮೈತೂಕ ಇವೆಲ್ಲವೂ ಸೇರುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಟೋಕಿಯೊದಿಂದ ಬಂದ ಸಣ್ಣ ತೂತು

ಹಳೆಯ ಆಪರೇಷನ್ನಿನಲ್ಲಿ ಅಂಗೈಯಿಂದ ಮಣಿಕಟ್ಟಿನವರೆಗೆ ಉದ್ದಕ್ಕೆ ಕೊಯ್ದು, ಎಲ್ಲವನ್ನೂ ಕಣ್ಣಾರೆ ನೋಡಿ ಪಟ್ಟಿ ಕತ್ತರಿಸುತ್ತಿದ್ದರು. ನರಕ್ಕೆ ಬಿಡುಗಡೆ ಸಿಗುತ್ತಿತ್ತು. ಆದರೆ ಅಂಗೈ ಎಂದರೆ ನಾವು ಸನಿಕೆ ಹಿಡಿಯುವ, ಬಿಂದಿಗೆ ಎತ್ತುವ, ನೆಲಕ್ಕೂರಿ ಏಳುವ ಜಾಗ. ಅಲ್ಲಿನ ಗಾಯದ ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನೋಯುತ್ತಿತ್ತು.

ಗಾಯ ಚಿಕ್ಕದು ಮಾಡುವ ದಾರಿ ಜಪಾನಿನಲ್ಲಿ ತೆರೆಯಿತು, ಅದೂ ಮಂಡಿಯ ಮೂಲಕ. 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ ಎಂಬ ವೈದ್ಯರು ಮೂತ್ರಕೋಶ ನೋಡುವ ನಳಿಕೆಯನ್ನು ಶವದ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವಾತನಾಬೆ 1950ರ ದಶಕದ ಕೊನೆಗೆ ಕೀಲಿನೊಳಗೆ ನೋಡುವ ಒಳ್ಳೆಯ ನಳಿಕೆಯನ್ನು ರೂಪಿಸಿದರು. ಮಂಡಿಯ ಕೀಹೋಲ್ ಆಪರೇಷನ್ ಜಗತ್ತಿಗೆಲ್ಲ ಹರಡಿದ್ದು ಹೀಗೆ.

ಅದೇ ಉಪಾಯವನ್ನು ಮಣಿಕಟ್ಟಿಗೆ ತಂದವರು ಜಪಾನಿನ ಇಚಿರೊ ಒಕುತ್ಸು. ಅವರ ವಿಧಾನ 1987ರಲ್ಲಿ ಜಪಾನಿ ಭಾಷೆಯಲ್ಲಿ, 1989ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಮಣಿಕಟ್ಟಿನ ಗೆರೆಗಿಂತ ಮೇಲೆ, ಮುಂಗೈಯಲ್ಲಿ ಒಂದು ಸಣ್ಣ ತೂತು. ಅದರೊಳಗೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಕೊಳವೆಯೊಳಗೆ ಕ್ಯಾಮೆರಾ ನಳಿಕೆ. ಪಟ್ಟಿಯನ್ನು ಒಳಗಿನಿಂದ ನೋಡುತ್ತ ಕೊಕ್ಕೆಯಂಥ ಚಾಕುವಿನಿಂದ ಸೀಳುವುದು. ಅಂಗೈಯನ್ನು ಮುಟ್ಟುವಂತಿಲ್ಲ. ಜೋಮು ಬರಿಸುವ ಸೂಜಿ ಆ ಜಾಗಕ್ಕಷ್ಟೇ. ಬಹಳ ವರ್ಷ ಡಯಾಲಿಸಿಸ್ ಮಾಡಿಸಿಕೊಂಡವರಲ್ಲಿ ಈ ಕಾಯಿಲೆ ಹೆಚ್ಚು, ಅವರಿಗೂ ಒಕುತ್ಸು ಈ ಚಿಕಿತ್ಸೆ ಕೊಟ್ಟರು.

ಅದೇ ಹೊತ್ತಿಗೆ ಅಮೆರಿಕದ ಜೇಮ್ಸ್ ಚೌ ಎರಡು ತೂತಿನ ವಿಧಾನವನ್ನು 1989ರಲ್ಲಿ ಪ್ರಕಟಿಸಿದರು. ಜಾನ್ ಏಜೀ ಒಂದೇ ತೂತಿನಲ್ಲಿ, ಗುಂಡಿ ಅದುಮಿದರೆ ಚಾಕು ಮೇಲೇಳುವ ಉಪಕರಣ ತಂದರು. ಅದರ ಪರೀಕ್ಷೆಯ ಫಲಿತಾಂಶ 1992ರಲ್ಲಿ ಬಂತು.

ಎಲ್ಲವೂ ಸುಗಮವಾಗೇನೂ ನಡೆಯಲಿಲ್ಲ. ಕಲಿಯುವ ಕಾಲದಲ್ಲಿ ಕೆಲವೆಡೆ ನರಕ್ಕೆ, ಹುರಿಗೆ ಪೆಟ್ಟಾಯಿತು. ಸಣ್ಣ ತೂತಿನಿಂದ ಕಾಣುವುದು ಸ್ವಲ್ಪವೇ ಎಂದು ಹಲವು ಸರ್ಜನ್ನರು ಬೇರೆ ಹಾದಿ ಹಿಡಿದರು. ಕ್ಯಾಮೆರಾ ಇಲ್ಲದೆ, ಅಂಗೈಯಲ್ಲಿ ಎರಡು ಸೆಂಟಿಮೀಟರ್ ಆಸುಪಾಸು ಮಾತ್ರ ಕೊಯ್ದು ಮಾಡುವ 'ಮಿನಿ ಓಪನ್' ಬಂದದ್ದು ಹೀಗೆ. ಆಮೇಲೆ ಅಲ್ಟ್ರಾಸೌಂಡ್ ಪರದೆ ನೋಡುತ್ತ ಕತ್ತರಿಸುವ ವಿಧಾನವೂ ಬಂತು.

ಒಂದು ಮಾತು ಮರೆಯಬಾರದು. ಉದ್ದ ಗಾಯವಿರಲಿ, ಸಣ್ಣ ತೂತಿರಲಿ, ಒಳಗೆ ಕತ್ತರಿಸುವುದು 1913ರಲ್ಲಿ ಹೇಳಿದ ಅದೇ ಪಟ್ಟಿಯನ್ನು.

ನಮ್ಮ ಕಡೆಗೆ ಬಂದ ದಾರಿ

ನಮ್ಮ ದೇಶದಲ್ಲಿ ಕೈಯ ಶಸ್ತ್ರಚಿಕಿತ್ಸೆ ಬೆಳೆದದ್ದು ಕುಷ್ಠರೋಗಿಗಳ ಕೈಯಿಂದ. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಗೆ ಆ ಕೆಲಸ ಶುರು ಮಾಡಿದರು. ನರ ಸತ್ತು ಮಡಚಿಹೋದ ಬೆರಳುಗಳಿಗೆ ಬೇರೆ ಹುರಿ ಜೋಡಿಸಿ ಮತ್ತೆ ಅನ್ನ ಕಲಸುವಂತೆ ಮಾಡಿದರು. ಸಮಾಜ ಮುಟ್ಟಲು ಹೆದರುತ್ತಿದ್ದ ಕೈಗಳೇ ನಮ್ಮ ವೈದ್ಯರಿಗೆ ಕೈಯ ಪಾಠ ಹೇಳಿಕೊಟ್ಟವು.

ಕ್ಯಾಮೆರಾ ನಳಿಕೆಯ ಆಪರೇಷನ್ ಭಾರತದಲ್ಲಿ ಹೆಸರಾದದ್ದು 1990ರಲ್ಲಿ. ಮುಂಬೈಯ ಸರ್ಕಾರಿ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಸಣ್ಣ ತೂತಿನಿಂದ ಪಿತ್ತಕೋಶ ತೆಗೆದರು. ಆ ಬಗೆಯ ಆಪರೇಷನ್ ಶ್ರೀಮಂತರ ಆಸ್ಪತ್ರೆಯಲ್ಲಲ್ಲ, ಬಡವರ ಆಸ್ಪತ್ರೆಯಲ್ಲಿ ಶುರುವಾಯಿತು ಎಂಬುದು ನೆನಪಿಡಬೇಕಾದ ವಿಷಯ.

ಇನ್ನು ಬೆಂಗಳೂರು. ಬನಶಂಕರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ಅದು ಹುಟ್ಟಿತು. ಮೊದಲ ನಿರ್ದೇಶಕರಾದ ಡಾ. ಆರ್.ಎಂ. ವರ್ಮ ಸ್ವತಃ ನರಶಸ್ತ್ರಚಿಕಿತ್ಸಕರು. ನಮ್ಮೂರಲ್ಲಿ ಹಲವರು ಈಗಲೂ ಅದನ್ನು ಹುಚ್ಚರ ಆಸ್ಪತ್ರೆ ಎಂದುಕೊಂಡು ಹೋಗಲು ಹಿಂಜರಿಯುತ್ತಾರೆ. ಅದು ನರಗಳ ಆಸ್ಪತ್ರೆಯೂ ಹೌದು.

ನರದಲ್ಲಿ ಸಣ್ಣ ಕರೆಂಟು ಹರಿಸಿ, ಅದು ಮಣಿಕಟ್ಟು ದಾಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅಳೆಯುವ ಪರೀಕ್ಷೆಯೊಂದಿದೆ. ಒತ್ತಿಹೋದ ನರದಲ್ಲಿ ಮಣಿಕಟ್ಟಿನ ಬಳಿ ವೇಗ ಕಡಿಮೆಯಾಗುತ್ತದೆ ಎಂದು 1956ರಲ್ಲಿ ತೋರಿಸಿದವರು ಎಡಿನ್‌ಬರೋದ ಜಾನ್ ಸಿಂಪ್ಸನ್. 'ನರ್ವ್ ಕಂಡಕ್ಷನ್ ಟೆಸ್ಟ್' ಎಂದು ಕರೆಯುವ ಈ ಪರೀಕ್ಷೆ ಈಗ ಬೆಂಗಳೂರಿನ ಅನೇಕ ಕಡೆ ಸಿಗುತ್ತದೆ. ಮೂಳೆ ಮತ್ತು ಕೈ ತೊಂದರೆಗಳಿಗೆ ಜಯನಗರದ ಬೈರಸಂದ್ರದ ಬಳಿ ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಸಂಜಯ್ ಗಾಂಧಿ ಆಸ್ಪತ್ರೆಯೂ ಇದೆ.

ಅಂದರೆ ದಾರಿ ಇದೆ, ಬಸ್ಸಿದೆ, ಆಸ್ಪತ್ರೆ ಇದೆ. ಆದರೂ ಕೈ ತೋರಿಸಲು ನಮ್ಮವರು ವರ್ಷಗಟ್ಟಲೆ ಕಾಯುವುದು ಯಾಕೆ?

ಎಂಟು ದಿನದ ಬೆಲೆ

ಸಣ್ಣ ತೂತಿನಿಂದ ನಿಜಕ್ಕೂ ಏನು ಲಾಭ? 2014ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಜೋಮು ಕಡಿಮೆಯಾಗುವುದರಲ್ಲಿ ಎರಡೂ ವಿಧಾನ ಹೆಚ್ಚುಕಡಿಮೆ ಒಂದೇ. ಕ್ಯಾಮೆರಾ ವಿಧಾನದಲ್ಲಿ ಗಾಯದ ಕಲೆಯ ತೊಂದರೆ ಕಡಿಮೆ, ಕೆಲಸಕ್ಕೆ ಮರಳುವುದು ಸರಾಸರಿ ಎಂಟು ದಿನ ಬೇಗ. ಆದರೆ ಕೆಲವು ದಿನ ಇದ್ದು ಹೋಗುವ ನರದ ಕಿರಿಕಿರಿ ಅದರಲ್ಲಿ ಸ್ವಲ್ಪ ಹೆಚ್ಚು.

ಎಂಟು ದಿನ ಎಂದರೆ ಕಚೇರಿಯವರಿಗೆ ಒಂದು ರಜೆ. ಕೂಲಿಯವರಿಗೆ ಎಂಟು ದಿನದ ಕೂಲಿ. ಕನಕಪುರ, ರಾಮನಗರ ಕಡೆ ರೇಷ್ಮೆ ನೂಲು ಬಿಚ್ಚುವವರಿಗೆ, ಬೆಳಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕುವವರಿಗೆ, ಕಳೆ ಕೀಳುವವರಿಗೆ, ಕೈಗೆ ರಜೆ ಎಂದರೆ ಒಲೆಗೆ ರಜೆ.

ಇಲ್ಲಿ ಕಾನೂನಿನ ಒಂದು ಕಂದಕವೂ ಇದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇಎಸ್‌ಐ ಇದ್ದರೆ, ವಂತಿಗೆ ಕಟ್ಟಿದ ದಿನಗಳ ಷರತ್ತು ಪೂರೈಸಿದವರಿಗೆ, ಕಾಯಿಲೆ ರಜೆಯಲ್ಲಿ ಕೂಲಿಯ ಶೇ. 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಅದೇ ಹೆಣ್ಣುಮಗಳ ಅವ್ವ ಊರಿನಲ್ಲಿ ಹಸು ಕರೆದು ಅದೇ ಕಾಯಿಲೆ ತಂದುಕೊಂಡರೆ ಹಾಗೆ ಕೂಲಿ ತುಂಬಿಕೊಡುವ ವಿಮೆ ಇಲ್ಲ. ಸಹಕಾರ ಸಂಘದ ರೈತರಿಗೆ 2003ರಲ್ಲಿ ಬಂದ ಯಶಸ್ವಿನಿ, 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಇವೆಲ್ಲ ಆಸ್ಪತ್ರೆಯ ಖರ್ಚಿನ ಯೋಜನೆಗಳು, ಕಳೆದುಹೋದ ಕೂಲಿಯ ಯೋಜನೆಗಳಲ್ಲ. ಹಾಗಾಗಿ 'ಸುಗ್ಗಿ ಮುಗಿಯಲಿ', 'ಮಗಳ ಮದುವೆ ಆಗಲಿ' ಎಂದು ಕೈ ಕಾಯುತ್ತದೆ. ನರ ಮಾತ್ರ ಕಾಯುವುದಿಲ್ಲ.

ಒತ್ತಡ ವರ್ಷಗಟ್ಟಲೆ ಮುಂದುವರಿದರೆ ಹೆಬ್ಬೆರಳ ಬುಡದ ಮಾಂಸ ಕರಗುತ್ತದೆ. ಗುಂಡಿ ಹಾಕಲು, ಸೂಜಿಗೆ ದಾರ ಪೋಣಿಸಲು, ಚಿಟಿಕೆ ಉಪ್ಪು ಹಿಡಿಯಲು ಆಗುವುದಿಲ್ಲ. ಬಿಸಿ ತಾಗಿದ್ದೂ ತಿಳಿಯದೆ ಬೆರಳು ಸುಟ್ಟುಕೊಳ್ಳುತ್ತಾರೆ. ಆ ಹಂತ ದಾಟಿದ ಮೇಲೆ ಎಷ್ಟೇ ಸಣ್ಣ ತೂತಿನ, ಎಷ್ಟೇ ದುಬಾರಿ ಆಪರೇಷನ್ ಮಾಡಿಸಿದರೂ ಕಳೆದ ಶಕ್ತಿ ಪೂರ್ತಿ ಮರಳದೇ ಹೋಗಬಹುದು.

ನಾವು ಏನು ಮಾಡಬಹುದು

ರಾತ್ರಿ ಕೈ ಜೋಮು ಹಿಡಿದು ಪದೇ ಪದೇ ಎಚ್ಚರವಾಗುತ್ತಿದ್ದರೆ, ಹೆಬ್ಬೆರಳಿಂದ ಉಂಗುರ ಬೆರಳಿನವರೆಗೆ ಮರಗಟ್ಟಿ ಕಿರುಬೆರಳು ಚೆನ್ನಾಗಿದ್ದರೆ, ವೈದ್ಯರಿಗೆ ಹಾಗೆಂದೇ ಹೇಳಿ. ಯಾವ ಬೆರಳು, ಯಾವ ಹೊತ್ತು, ಒದರಿದರೆ ಕಡಿಮೆಯೇ ಎಂಬ ಮೂರು ಮಾತು ಸಾಕು. 1880ರಲ್ಲಿ ಬೋಸ್ಟನ್ನಿನ ಹೆಂಗಸರು ಹೇಳಿದ್ದೂ ಇದನ್ನೇ.

ಶುರುವಿನಲ್ಲಿ ಆಪರೇಷನ್ ಬೇಕೆಂದೇನೂ ಇಲ್ಲ. ರಾತ್ರಿ ಮಣಿಕಟ್ಟು ಮಡಚದಂತೆ ನೇರವಾಗಿ ಹಿಡಿಯುವ ಪಟ್ಟಿ ಕಟ್ಟಿಕೊಂಡರೆ ಹಲವರಿಗೆ ಆರಾಮ ಸಿಗುತ್ತದೆ. ವೈದ್ಯರು ಸ್ಟೀರಾಯ್ಡ್ ಸೂಜಿ ಕೊಡಬಹುದು, ಅದರಿಂದ ಕೆಲವು ಕಾಲ ನೆಮ್ಮದಿ. ಬಸಿರಿನಲ್ಲಿ ಬಂದದ್ದು ಹೆರಿಗೆಯ ಬಳಿಕ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಎಲ್ಲ ಜೋಮೂ ಇದೇ ಅಲ್ಲ ಎಂಬುದೂ ನೆನಪಿರಲಿ. ಕುತ್ತಿಗೆ ತೊಂದರೆಯಿಂದಲೂ ಜೋಮು ಬರುತ್ತದೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ತಿಳಿ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆ ಆಗಬೇಕು, ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ.

ಆಪರೇಷನ್ನೇ ಬೇಕೆಂದರೆ ಬೋರ್ಡಿನ ಮೇಲಿನ 'ಕೀಹೋಲ್' ಪದವೊಂದನ್ನೇ ನಂಬಿ ಸಾಲ ಮಾಡಬೇಡಿ. "ಎಷ್ಟು ದಿನಕ್ಕೆ ಹಾಲು ಕರೆಯಬಹುದು? ಎಷ್ಟು ಖರ್ಚು? ಇದನ್ನು ನೀವು ಎಷ್ಟು ಮಾಡಿದ್ದೀರಿ? ಮಿನಿ ಓಪನ್ ಆದರೆ ಎಷ್ಟಾಗುತ್ತದೆ?" ಎಂದು ಕೇಳಿ. ಕೇಳಲು ಸಂಕೋಚ ಬೇಡ. ಪಟ್ಟಿ ಚೆನ್ನಾಗಿ ಪೂರ್ತಿ ಕತ್ತರಿಸಿದರೆ, ತೂತು ಒಂದು ಸೆಂಟಿಮೀಟರೋ ಎರಡೋ ಎಂಬುದು ವರ್ಷ ಕಳೆದ ಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಬಿಪಿಎಲ್ ಕಾರ್ಡ್ ಜೊತೆಗಿರಲಿ, ಯಾವ ಯೋಜನೆಯಲ್ಲಿ ಬರುತ್ತದೆ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ಅಂಗೈ ಉದ್ದದ ಗಾಯವನ್ನು ಬೆರಳುಗುರಿನಷ್ಟು ಮಾಡಲು ವೈದ್ಯಲೋಕಕ್ಕೆ ಹಲವು ದಶಕಗಳೇ ಬೇಕಾದವು. ರಾತ್ರಿ ಎದ್ದು ಕೂತು ಕೈ ಒದರುವ ಅವ್ವನನ್ನು "ಎಷ್ಟು ದಿನದಿಂದ ಹಿಂಗೆ?" ಎಂದು ಕೇಳಲು ನಮಗೆ ಒಂದು ನಿಮಿಷ ಸಾಕು. ಇವತ್ತೇ ಕೇಳಿ.